ಮನೆತನದ ನೆನಪೂ ಮಾರಾಟದ ಅಂಗಿಯೂ

ತಂದೆಯ ಅಂಗಿಯನ್ನು ಮಗನು ತೊಡುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದ ರೂಢಿ. ಅದರಲ್ಲಿ ಮಿತವ್ಯಯವೂ ಉಂಟು, ಮಮತೆಯೂ ಉಂಟು. ಆದರೆ ಹೆತ್ತವರ ನಾಡು, ಅವರ ವಲಸೆ, ಅವರ ಹಳೆಯ ಭಾವಚಿತ್ರ ಇವುಗಳಿಂದಲೇ ಹೊಸ ಉಡುಪುಗಳನ್ನು ಕಲ್ಪಿಸಿ ಅಪರಿಚಿತರಿಗೆ ಕ್ರಯಕ್ಕೆ ಕೊಡುವುದು ಯುಕ್ತವೆ? ಮನೆಯ ನೆನಪು ಮಾರತಕ್ಕ ಪದಾರ್ಥವೆ?

ಲಂಡನ್ನಿನ ವಸ್ತ್ರವಿನ್ಯಾಸಗಾರ್ತಿ ಪ್ರಿಯಾ ಅಹ್ಲುವಾಲಿಯಾ ಅವರ ಕೆಲಸವನ್ನು ನೋಡಿದರೆ ಈ ಪ್ರಶ್ನೆಯು ತೋರುವಷ್ಟು ಸರಳವಲ್ಲವೆಂದು ತಿಳಿಯುವುದು. ಅವರ ತಾಯಿಯ ಮೂಲ ಭಾರತ, ತಂದೆಯದು ನೈಜೀರಿಯ. 2017ರಲ್ಲಿ ಲಾಗೋಸ್ ನಗರಕ್ಕೆ ಹೋದಾಗ, ಬೀದಿಯಲ್ಲಿ ಸರಕು ಮಾರುವವರ ಮೈಮೇಲೆ ಇಂಗ್ಲೆಂಡಿನವರು ತೊಟ್ಟು ಬಿಟ್ಟ ಅಂಗಿಗಳನ್ನು ಅವರು ಕಂಡರು. ಇವು ಇಲ್ಲಿಗೆ ಹೇಗೆ ಬಂದವೆಂಬ ಜಿಜ್ಞಾಸೆಯು ಅವರನ್ನು ಹರಿಯಾಣದ ಪಾಣಿಪತ್ತಿಗೆ ಕರೆದೊಯ್ದಿತು.

ಮೂರು ಯುದ್ಧಗಳಿಂದ ಶಾಲೆಯ ಮಕ್ಕಳೆಲ್ಲ ಬಲ್ಲ ಊರದು. ಈಗ ಅಲ್ಲಿಗೆ ಬರುವುದು ಸೈನ್ಯವಲ್ಲ, ಸಿರಿವಂತ ದೇಶಗಳವರು ಬಿಸುಟ ಉಡುಪಿನ ಮೂಟೆಗಳು. ಹೆಂಗಸರು ನೆಲದ ಮೇಲೆ ಕುಳಿತು ಗುಂಡಿಗಳನ್ನು ಕಿತ್ತು, ಬಟ್ಟೆಯನ್ನು ಸೀಳಿ, ಬಣ್ಣಬಣ್ಣವಾಗಿ ವಿಂಗಡಿಸುವರು. ಯಂತ್ರಗಳು ಆ ಚಿಂದಿಯನ್ನು ಹಿಂಜಿ ನಾರು ಮಾಡುವುವು. ನಾರು ಮರಳಿ ನೂಲಾಗಿ, ಅಗ್ಗದ ಕಂಬಳಿಯಾಗಿ, ನೆರೆ ಭೂಕಂಪಗಳಲ್ಲಿ ಮನೆ ಕಳೆದುಕೊಂಡವರ ಶಿಬಿರಗಳಿಗೂ ಹೋಗುವುದು. ಅಹ್ಲುವಾಲಿಯಾ ತಾವು ಕಂಡುದನ್ನು ‘ಸ್ವೀಟ್ ಲಸ್ಸಿ’ ಎಂಬ ಚಿತ್ರಪುಸ್ತಕವಾಗಿಸಿ, 2018ರಲ್ಲಿ ಗಂಡಸರ ಉಡುಪಿನ ಉದ್ಯಮವನ್ನು ತೆರೆದರು. ಹಳೆಯ ಅಂಗಿಗಳನ್ನೂ ಬಿಕರಿಯಾಗದೆ ಉಳಿದ ಬಟ್ಟೆಯನ್ನೂ ಕತ್ತರಿಸಿ, ತುಂಡಿಗೆ ತುಂಡು ಕೂಡಿಸಿ, ಎರಡು ಮನೆತನಗಳ ಬಣ್ಣಗಳನ್ನು ಒಂದೇ ಉಡುಪಿನಲ್ಲಿ ತಂದರು.

ನೆನಪು ಹಿರಿಯರು ಇಟ್ಟುಹೋದ ನ್ಯಾಸ, ಅದಕ್ಕೆ ಬೆಲೆ ಕಟ್ಟಬಾರದೆಂದು ಆಕ್ಷೇಪಿಸುವವರುಂಟು. ಆದರೆ ತಂದೆಯಿಂದ ಕಲಿತ ರಾಗವನ್ನು ಹಾಡಿ ಸಂಭಾವನೆ ಪಡೆಯುವ ಗಾಯಕನನ್ನು ಯಾರೂ ನಿಂದಿಸುವುದಿಲ್ಲ. ದೋಷವು ಹಣದಲ್ಲಿಲ್ಲ. ಪರದೇಶದಲ್ಲಿ ಚಳಿಗೆ ನಡುಗುತ್ತಿದ್ದ ತಾತನು ಇದ್ದ ಒಂದೇ ಒಳ್ಳೆಯ ಕೋಟನ್ನು ತೊಟ್ಟು ಚಿತ್ರ ತೆಗೆಸಿಕೊಂಡು, ಸುಖವಾಗಿರುವೆನೆಂದು ಊರಿಗೆ ಕಳುಹಿಸಿದ್ದರೆ, ಆ ಕೋಟಿನ ಅಂದವನ್ನು ಮಾತ್ರ ತೆಗೆದುಕೊಂಡು ಚಳಿಯನ್ನು ಮರೆಯುವುದರಲ್ಲಿದೆ ದೋಷ.

ಇದಕ್ಕಿಂತ ಕಠಿಣವಾದ ಸಂಗತಿ ಬೇರೊಂದಿದೆ. ಅಜ್ಜಿಯು ಹಳೆಯ ಸೀರೆಗಳಿಂದ ಕೌದಿ ಹೊಲಿದಾಗ ಯಾವ ತುಂಡು ಯಾರದೆಂದು ಮನೆಮಂದಿಗೆಲ್ಲ ಗೊತ್ತು. ಪಾಣಿಪತ್ತಿನ ಚಿಂದಿಗೆ ಹೆಸರಿಲ್ಲ. ಒಬ್ಬರ ಮನೆತನದ ಕಥೆಯನ್ನು ಹೇಳಹೊರಟ ಉಡುಪಿನಲ್ಲಿ, ಅದನ್ನು ಮೊದಲು ತೊಟ್ಟವರ ಮನೆಯೂ ಗುಂಡಿ ಕಿತ್ತವಳ ಮನೆಯೂ ಮಾತಿಲ್ಲದೆ ಸೇರಿರುವುವು. ಅಹ್ಲುವಾಲಿಯಾ ತಮ್ಮ ಮೊದಲ ಪುಸ್ತಕದಲ್ಲಿಯೇ ಆ ಮೂಟೆಗಳನ್ನು ತೋರಿಸಿದುದು ಈ ಕಾರಣದಿಂದ ಮೆಚ್ಚತಕ್ಕದ್ದು. ಆದರೂ ಸಾಲ ತೀರಿತೆನ್ನಲಾಗದು.

ಆ ಊರಿನ ಕೆಲಸಗಾರ್ತಿಯರನ್ನು ಕುರಿತು ಮೇಘನಾ ಗುಪ್ತಾ 2012ರಲ್ಲಿ ‘ಅನ್‌ರಾವೆಲ್’ ಎಂಬ ಕಿರುಚಿತ್ರವನ್ನು ತೆಗೆದರು. ಇಷ್ಟು ಒಳ್ಳೆಯ ಬಟ್ಟೆಯನ್ನು ಹೊರದೇಶದವರು ಏಕೆ ಎಸೆಯುವರೆಂದು ಆ ಹೆಂಗಸರು ಅದರಲ್ಲಿ ತಮ್ಮತಮ್ಮೊಳಗೆ ಊಹಿಸುವರು: ಪಾಪ, ಅಲ್ಲಿ ನೀರು ಬಲು ತುಟ್ಟಿಯಿರಬೇಕು, ಒಗೆಯಲಾರದೆ ಎಸೆಯುತ್ತಿರಬೇಕು.