ನಂತರ ಬರುವವರ ನೀರು

ನಳದ ನೀರಿಗೆ ಔಷಧದ ವಾಸನೆ ಇದ್ದರೆ ಅದು ದೇವರ ಪೂಜೆಗೆ ನಡೆಯುತ್ತದೆಯೇ ಎಂಬ ಪ್ರಶ್ನೆ ಹುಬ್ಬಳ್ಳಿ-ಧಾರವಾಡದ ಮಡಿವಂತ ಮನೆಗಳಿಗೆ ಹೊಸದಲ್ಲ. ಸವದತ್ತಿಯ ರೇಣುಕಾಸಾಗರದಿಂದ ಹೊರಟ ಮಲಪ್ರಭೆಯ ನೀರು ಅಮ್ಮಿನಭಾವಿಯ ಘಟಕದಲ್ಲಿ ಸೋಸಿ, ಕ್ಲೋರಿನ್ ಬೆರೆತು ಊರಿಗೆ ಬರುತ್ತದೆ. ಬಾವಿಯಿಂದ ಸೇದಿದ ನೀರಿನ ಮಡಿ ಇದಕ್ಕೆಲ್ಲಿಂದ ಬರಬೇಕು ಎಂಬ ಅಳುಕು ಕೆಲವರಿಗೆ ಇನ್ನೂ ಇದೆ. ಮುಚ್ಚಿದ ಕೋಣೆಯಲ್ಲಿ ಬಿಸಿನೀರಿನ ತೊಟ್ಟಿ ಕಟ್ಟಿಸುವವರು ವಾಸನೆ ಬಾರದ ಔಷಧ ಯಾವುದೆಂದು ಹುಡುಕುವಾಗಲೂ ಇದೇ ಅಳುಕು ಬೇರೆ ವೇಷದಲ್ಲಿ ಎದುರಾಗುತ್ತದೆ. ಏನೂ ಬೆರೆಯದಿದ್ದರೆ, ಮೂಗಿಗೆ ಏನೂ ತಾಗದಿದ್ದರೆ ನೀರು ಶುದ್ಧ ಎಂಬ ನಂಬಿಕೆ ಎರಡರ ಬುಡದಲ್ಲೂ ಇದೆ. ಹಲವರು ಹಂಚಿಕೊಳ್ಳುವ ನೀರಿನ ಮಟ್ಟಿಗೆ ಈ ನಂಬಿಕೆ ನಿಲ್ಲುವುದಿಲ್ಲ. ಅಂಥ ನೀರಿನ ಶುದ್ಧಿ ಜಳಕಕ್ಕೆ ಇಳಿಯುವವರ ನಡತೆಗೆ ಸೇರಿದ್ದು.

ವಾಸನೆಯಿಂದಲೇ ಶುರುಮಾಡೋಣ. ಈಜುಕೊಳದಲ್ಲಿ ಮೂಗು ಸುಡುವ, ಕಣ್ಣು ಉರಿಸುವ ಘಾಟನ್ನು ನಾವು ಕ್ಲೋರಿನ್ನಿನ ತಲೆಗೆ ಕಟ್ಟುತ್ತೇವೆ. ಆ ಘಾಟು ಹೆಚ್ಚಾಗಿ ಬರುವುದು ಕ್ಲೋರಮೈನ್‌ಗಳಿಂದ. ಮೈಯ ಬೆವರು, ಮೂತ್ರಗಳಲ್ಲಿನ ಸಾರಜನಕದ ಅಂಶಗಳ ಜೊತೆ ಕ್ಲೋರಿನ್ ಕೂಡಿದಾಗ ಅವು ಹುಟ್ಟುತ್ತವೆ. ಘಾಟು ಹೆಚ್ಚಿದಷ್ಟೂ ಇಳಿದವರು ಬಿಟ್ಟುಹೋದ ಕೊಳೆ ಹೆಚ್ಚು ಎಂದೇ ತಿಳಿಯಬೇಕು. 38ರಿಂದ 40 ಡಿಗ್ರಿಯ ಬಿಸಿನೀರಿನಲ್ಲಿ ಬೆವರೂ ಜಾಸ್ತಿ, ಆವಿಯೂ ಜಾಸ್ತಿ. ಗಾಳಿಯಾಡದ ಕೋಣೆಯಾದರೆ ಉಸಿರು ಕಟ್ಟುತ್ತದೆ. ಇದಕ್ಕೆ ಬ್ರೋಮಿನ್ ಒಳ್ಳೆಯ ದಾರಿ. ಅದು ಬೆವರಿನೊಂದಿಗೆ ಕೂಡಿ ಉಂಟಾಗುವ ಬ್ರೋಮಮೈನ್‌ಗೆ ಘಾಟು ಕಡಿಮೆ, ರೋಗಾಣುಗಳನ್ನು ಕೊಲ್ಲುವ ಕಸುವೂ ಉಳಿದಿರುತ್ತದೆ. ಬಿಸಿಲಿಗೆ ಕೆಡುವ ಅದರ ದೋಷ ಒಳಾಂಗಣದಲ್ಲಿ ಕಾಡುವುದಿಲ್ಲ. ಓಝೋನ್ ಮತ್ತು ನೇರಳಾತೀತ ದೀಪಗಳು ಇನ್ನೂ ಆಕರ್ಷಕ; ಆದರೆ ದೀಪದ ಮುಂದೆ ಹಾದುಹೋದ ನೀರಷ್ಟೇ ಶುದ್ಧ. ತೊಟ್ಟಿಗೆ ಮರಳಿದ ನೀರಿನಲ್ಲಿ ಪಕ್ಕದವರ ಮೈಯಿಂದ ರೋಗಾಣು ಬಿದ್ದರೆ ಅದನ್ನು ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೆ ಬೆಚ್ಚನೆಯ ನೀರೇ ತವರು. ಆವಿಯ ಹನಿಗಳ ಜೊತೆ ಅವು ಶ್ವಾಸಕೋಶಕ್ಕೆ ಇಳಿಯುತ್ತವೆ. ಹಾಗಾಗಿಯೇ ಇಂಥ ತೊಟ್ಟಿಗಳಲ್ಲಿ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಕ್ಲೋರಿನ್ ಅಥವಾ 4 ಮಿಲಿಗ್ರಾಂ ಬ್ರೋಮಿನ್ ಸದಾ ಇರಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ.

ಹೀಗೆ ನೀರಿನಲ್ಲಿ ಉಳಿದಿರುವ ಔಷಧದ ಬೆಲೆ ಏನೆಂದು ಅವಳಿ ನಗರದವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಹಲವು ದಿನಕ್ಕೊಮ್ಮೆ ನೀರು ಬಿಡುವ ಬಡಾವಣೆಗಳನ್ನೂ ದಿನವಿಡೀ ನೀರು ಬರುವ ವಲಯಗಳನ್ನೂ ಹೋಲಿಸಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲೇ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಿಟ್ಟುಬಿಟ್ಟು ಬರುವ ನೀರಿನಲ್ಲೇ ಮಾಲಿನ್ಯದ ಸುಳಿವು ಕೊಡುವ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಸಿಕ್ಕವು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲಿ ಎನ್ನುತ್ತದೆ ಭಾರತೀಯ ಮಾನಕ. ನೀರು ಘಟಕ ಬಿಟ್ಟ ಮೇಲೆ ಕೊಳವೆಯಲ್ಲಿ, ಡ್ರಮ್ಮಿನಲ್ಲಿ, ಅದ್ದಿದ ಕೈಯಲ್ಲಿ ಏನು ಸೇರೀತೋ ಎಂಬ ಎಚ್ಚರ ಆ 0.2ರಲ್ಲಿದೆ. ಇಲ್ಲಿಯೇ ಧರ್ಮದ ಪ್ರಶ್ನೆ ತೆರೆದುಕೊಳ್ಳುವುದು. ನಾವು ರೂಢಿಸಿಕೊಂಡ ಮಡಿ ಇತರರ ಸ್ಪರ್ಶದಿಂದ ನನ್ನನ್ನು ಕಾಯುವ ಬೇಲಿ. ನೀರಿನಲ್ಲಿ ಉಳಿದ ಔಷಧ ಕಾಯುವುದು ನನ್ನ ಮೈಯ ಕೊಳೆಯಿಂದ ನಂತರ ಬರುವವರನ್ನು. ಎರಡನೆಯದೇ ಹೆಚ್ಚು ಧಾರ್ಮಿಕವಾದದ್ದು ಎಂದು ನಾನು ನಂಬುತ್ತೇನೆ.

ತೀರ್ಥ ತಾನೇ ಪಾವನ, ಅದಕ್ಕೆ ರಾಸಾಯನಿಕ ಸುರಿಯುವುದೇ ಅಪಚಾರ ಎಂದು ಶ್ರದ್ಧಾವಂತರು ಹೇಳಬಹುದು. ಆದರೆ ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂದು ತೈತ್ತಿರೀಯ ಆರಣ್ಯಕವೂ ಮನುಸ್ಮೃತಿಯೂ ವಿಧಿಸಿವೆ. ಕೆಡಲಾರದ್ದಕ್ಕೆ ಇಂಥ ಕಾವಲು ಬೇಕಿರಲಿಲ್ಲ; ನೀರು ಪವಿತ್ರವೆಂದು ಕಂಡವರೇ ಅದು ನಮ್ಮಿಂದ ಕೆಡುತ್ತದೆ ಎಂಬುದನ್ನೂ ಕಂಡಿದ್ದರು. ತಾಮ್ರ ಸಾಲದೇ ಎಂಬುದು ಇನ್ನೊಂದು ಮಾತು. ರಾತ್ರಿಯಿಡೀ ತಾಮ್ರದ ತಂಬಿಗೆಯಲ್ಲಿಟ್ಟ ನೀರಲ್ಲಿ ಬ್ಯಾಕ್ಟೀರಿಯಾ ಕುಗ್ಗುವುದು ನಿಜ, ಆದರೆ ಅದಕ್ಕೆ ಗಂಟೆಗಳು ಬೇಕು. ಒಬ್ಬರ ಹಿಂದೊಬ್ಬರು ಇಳಿಯುವ ತೊಟ್ಟಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಶರಣರ ಕಡೆಯಿಂದ ಬರುತ್ತದೆ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ತಳ್ಳಿಹಾಕಿದ, ಮೈ ತೊಳೆದ ಮಾತ್ರಕ್ಕೆ ಮನ ತೊಳೆಯದು ಎಂದ ಪರಂಪರೆಯ ನಾಡಿನಲ್ಲಿ ನೀರಿನ ಶುದ್ಧಿಗೆ ಇಷ್ಟು ಚಿಂತೆ ಯಾಕೆ? ಶರಣರು ತಿರಸ್ಕರಿಸಿದ್ದು ಮನುಷ್ಯರನ್ನು ಮೇಲುಕೀಳು ಮಾಡುವ ಮೈಲಿಗೆಯನ್ನು. ರೋಗಾಣು ಯಾರ ಕುಲವನ್ನೂ ಕೇಳುವುದಿಲ್ಲ, ಎಲ್ಲರ ಮೈಯಿಂದಲೂ ಬರುತ್ತದೆ. ಅಂತರಂಗ ಶುದ್ಧವಾಗಿದ್ದವರಿಗೆ ಪಕ್ಕದವರ ಶ್ವಾಸಕೋಶ ಹೊರಗಿನ ವಿಷಯವಾಗಲಾರದು.

ಆದ್ದರಿಂದ ವಾಸನೆ ಕಡಿಮೆ ಇರಲಿ ಎಂಬ ಆಸೆ ತಪ್ಪಲ್ಲ. ಔಷಧ ತಗ್ಗಿಸಿ ಅದನ್ನು ಸಾಧಿಸುವುದು ತಪ್ಪು. ನನ್ನ ಆಯ್ಕೆ ಬ್ರೋಮಿನ್, ಅದಕ್ಕೆ ಒತ್ತಾಸೆಯಾಗಿ ಓಝೋನ್ ಅಥವಾ ನೇರಳಾತೀತ ದೀಪ, ಆವಿ ಹೊರದೂಡುವ ಫ್ಯಾನ್, ದಿನವೂ ಪರೀಕ್ಷಾ ಪಟ್ಟಿ ಅದ್ದಿ ನೋಡುವ ಶಿಸ್ತು. ಇವೆಲ್ಲಕ್ಕೂ ಮೊದಲು, ತೊಟ್ಟಿಗೆ ಇಳಿಯುವ ಪ್ರತಿಯೊಬ್ಬರೂ ಬಚ್ಚಲಿನಲ್ಲಿ ಸಾಬೂನು ಹಚ್ಚಿ ಜಳಕ ಮುಗಿಸಿ ಬರಬೇಕು.