ಧ್ಯಾನವೂ ಕೂಟವೂ: ಚರ್ಚಿನ ಯುವಜನರ ಏಕಾಂತದ ಏರ್ಪಾಡು

ಧ್ಯಾನಕೂಟ ಎಂಬ ಪದದೊಳಗೆ ಒಂದಕ್ಕೊಂದು ಎದುರಾದ ಎರಡು ಕೆಲಸಗಳು ಜೊತೆಯಾಗಿ ಕುಳಿತಿವೆ. ಧ್ಯಾನ ಒಬ್ಬೊಬ್ಬರೇ ಮಾಡುವಂಥದ್ದು. ಕೂಟಕ್ಕೆ ಹತ್ತು ಜನ ಬೇಕು. ಕರ್ನಾಟಕದ ಕಥೋಲಿಕ ಚರ್ಚುಗಳಲ್ಲಿ ರಿಟ್ರೀಟಿಗೆ ಈ ಹೆಸರೇ ಬಳಕೆಯಲ್ಲಿದೆ. ಸಿಎಸ್‌ಐ ಮೊದಲಾದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಯುವಜನ ಶಿಬಿರ ಎನ್ನುವುದೂ ಉಂಟು, ರಿಟ್ರೀಟ್ ಎಂದೇ ಹೇಳುವುದೂ ಉಂಟು. ಹೆಸರು ಯಾವುದಾದರೂ ಅದನ್ನು ಏರ್ಪಡಿಸುವವರ ಮುಂದೆ ಒಂದೇ ಪ್ರಶ್ನೆ ನಿಂತಿರುತ್ತದೆ. ಬಸ್ಸು, ಅಡುಗೆ, ಹಾಸಿಗೆ, ವೇಳಾಪಟ್ಟಿ, ಇವನ್ನೆಲ್ಲ ಮನುಷ್ಯರು ಹೊಂದಿಸಬಹುದು. ಆದರೆ ಇಷ್ಟೆಲ್ಲ ಯಾವುದಕ್ಕಾಗಿ ನಡೆಯುತ್ತದೆಯೋ ಅದು ದೇವರ ಕೃಪೆಯೆಂದೇ ಕ್ರೈಸ್ತ ನಂಬಿಕೆ. ಕೃಪೆಗೆ ವೇಳಾಪಟ್ಟಿ ಬರೆಯಲಾಗದು. ಹಾಗಿದ್ದ ಮೇಲೆ ಸಿದ್ಧತೆ ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ಕೈಬಿಡಬೇಕು?

ಮಾರ್ಕನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಇದಕ್ಕೆ ಹಳೆಯದೊಂದು ಉದಾಹರಣೆಯಿದೆ. ಇಬ್ಬಿಬ್ಬರಾಗಿ ಊರೂರಿಗೆ ಹೋಗಿದ್ದ ಹನ್ನೆರಡು ಶಿಷ್ಯರು ಮರಳಿ ಬರುತ್ತಾರೆ. ಬಂದುಹೋಗುವವರ ದಟ್ಟಣೆಯಲ್ಲಿ ಅವರಿಗೆ ಊಟಕ್ಕೂ ಬಿಡುವಿಲ್ಲ. ಯೇಸು ಅವರನ್ನು ನಿರ್ಜನ ಸ್ಥಳಕ್ಕೆ ಕರೆಯುವುದು ಪಾಠ ಹೇಳುವುದಕ್ಕಲ್ಲ, ದಣಿವಾರಿಸಿಕೊಳ್ಳುವುದಕ್ಕೆ. ದೋಣಿ ಹತ್ತಿ ಹೊರಡುತ್ತಾರೆ. ಆದರೆ ಜನ ದಡದ ಮೇಲೆ ಓಡಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಾರೆ. ಸಂಜೆಯಾಗುತ್ತಲೇ ಊಟದ ಚಿಂತೆ, ಇನ್ನೂರು ದಿನಾರಿಗಳ ಲೆಕ್ಕ, ಐದು ರೊಟ್ಟಿ, ಎರಡು ಮೀನು, ನೂರು ಮತ್ತು ಐವತ್ತರ ಸಾಲುಗಳಲ್ಲಿ ಹುಲ್ಲಿನ ಮೇಲೆ ಕುಳಿತ ಜನ. ವಿಶ್ರಾಂತಿಗೆಂದು ಹೊರಟ ದಿನ ದುಡಿಮೆಯ ದಿನವಾಗುತ್ತದೆ. ಎಲ್ಲ ಮುಗಿದ ಮೇಲೆ ಶಿಷ್ಯರನ್ನು ದೋಣಿಯಲ್ಲಿ ಮುಂದೆ ಕಳುಹಿಸಿ ಯೇಸು ಒಬ್ಬನೇ ಬೆಟ್ಟ ಹತ್ತಿ ಪ್ರಾರ್ಥಿಸುತ್ತಾನೆ. ಅಂದಿನ ಏರ್ಪಾಡು ಕೆಟ್ಟಿತು. ಏಕಾಂತ ಕೆಡಲಿಲ್ಲ, ತಡವಾಯಿತು ಅಷ್ಟೆ. ಶಿಬಿರ ನಡೆಸುವವರು ಉಪನ್ಯಾಸಗಳ ಪಟ್ಟಿ ಬರೆಯುವ ಮುಂಚೆ ಈ ಅಧ್ಯಾಯವನ್ನು ನಿಧಾನವಾಗಿ ಓದಿಕೊಳ್ಳುವುದು ಒಳ್ಳೆಯದು.

ಏಕಾಂತಕ್ಕೆ ಒಂದು ಕ್ರಮವನ್ನು ಕೊಟ್ಟವರಲ್ಲಿ ಮುಖ್ಯನಾದವನು ಇಗ್ನೇಷಿಯಸ್ ಲೊಯೋಲ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಈ ಸೈನಿಕ, ಮರುವರ್ಷ ಮನ್ರೇಸ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಪ್ರಾರ್ಥನೆಯಲ್ಲಿ ಕಳೆದ. ಆ ಅನುಭವದಿಂದ ಬೆಳೆದ 'ಆಧ್ಯಾತ್ಮಿಕ ಅಭ್ಯಾಸಗಳು' ಎಂಬ ಕೃತಿಗೆ 1548ರಲ್ಲಿ ಮೂರನೆಯ ಪೌಲ್ ಪೋಪರ ಒಪ್ಪಿಗೆ ದೊರೆಯಿತು. ಅದು ಧ್ಯಾನಿಸುವವರು ಓದಿ ಮುಗಿಸುವ ಪುಸ್ತಕವಲ್ಲ. ಧ್ಯಾನಕ್ಕೆ ದಾರಿ ತೋರಿಸುವವರ ಕೈಪಿಡಿ. ಸುಮಾರು 30 ದಿನಗಳ ಅಭ್ಯಾಸವನ್ನು ನಾಲ್ಕು 'ವಾರ'ಗಳಾಗಿ ಅದರಲ್ಲಿ ಹಂಚಲಾಗಿದೆ. ಮೊದಲಿಗೆ ಬರುವ 20 ಸೂಚನೆಗಳಲ್ಲಿ ಹದಿನೈದನೆಯದು ಯುವಜನರೊಡನೆ ಕೆಲಸ ಮಾಡುವ ಯಾರೂ ಮರೆಯಬಾರದಂಥದ್ದು: ಧ್ಯಾನ ಕೊಡಿಸುವವನು ಎದುರಿಗಿರುವವನನ್ನು ಯಾವ ವ್ರತದ ಕಡೆಗೂ, ಯಾವ ಜೀವನಮಾರ್ಗದ ಕಡೆಗೂ ದೂಡಕೂಡದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನೇ ಆ ಜೀವದೊಡನೆ ನೇರವಾಗಿ ವ್ಯವಹರಿಸಲು ಬಿಡಬೇಕು. ಹದಿನೆಂಟನೆಯ ಸೂಚನೆ ಅಭ್ಯಾಸವನ್ನು ವಯಸ್ಸು, ಓದು, ಶಕ್ತಿಗೆ ತಕ್ಕಂತೆ ಅಳೆದು ಕೊಡಬೇಕೆನ್ನುತ್ತದೆ. ಕೆಲಸಕಾರ್ಯ ಬಿಟ್ಟು ಬರಲಾಗದವರು ದಿನಕ್ಕೆ ಒಂದೂವರೆ ಗಂಟೆ ಮೀಸಲಿಡುವ ಕ್ರಮ ಹತ್ತೊಂಬತ್ತನೆಯದರಲ್ಲಿದೆ. ಇಗ್ನೇಷಿಯಸ್ ಸ್ಥಾಪಿಸಿದ ಯೇಸುಸಭೆಯ ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದಾಗ ಈ ಪದ್ಧತಿಯೂ ಅವರ ಜೊತೆಗೇ ಬಂತು.

ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ಮೌನಕ್ಕಿಂತ ಬೈಬಲ್ ಓದು, ಹಾಡು, ಸಾಕ್ಷಿಗಳಿಗೆ ಹೆಚ್ಚು ಜಾಗ. 1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಆರಂಭಿಸಿದ ಕ್ರಿಶ್ಚಿಯನ್ ಎಂಡೆವರ್ ಸಂಘ, ಸಭೆಯ ಹಿರಿಯರು ಯುವಕರಿಗಾಗಿ ಕೆಲಸ ಮಾಡುವ ಬದಲು ಯುವಕರೇ ಸಮಿತಿಗಳಲ್ಲಿ ಕೂತು ತಮ್ಮ ಕೆಲಸ ನಡೆಸಬೇಕೆಂಬ ಪದ್ಧತಿಯನ್ನು ಬೆಳೆಸಿತು. ಮೌನ ಮತ್ತು ಬೈಬಲ್ ಓದು, ಈ ಎರಡು ಹೊಳೆಗಳು ಕೂಡಿದ ಒಂದು ಜಾಗವೆಂದರೆ ಅಂದಿನ ಜರ್ಮನಿಯ ಫಿಂಕೆನ್‌ವಾಲ್ಡೆ. ದೇವಶಾಸ್ತ್ರಜ್ಞ ಡೀಟ್ರಿಚ್ ಬೊನ್‌ಹೋಫರ್ 1935ರಿಂದ ಅಲ್ಲಿ ಸಭಾಪಾಲಕರಾಗಲಿದ್ದ ತರುಣರಿಗೆ ತರಬೇತಿ ಕೊಟ್ಟ. 1937ರಲ್ಲಿ ಗೆಸ್ಟಾಪೊ ಪೊಲೀಸರು ಆ ತರಬೇತಿ ಶಾಲೆಯನ್ನು ಮುಚ್ಚಿಸಿದರು. ಬೆಳಗ್ಗೆ ಅರ್ಧ ಗಂಟೆ ಪ್ರತಿಯೊಬ್ಬನೂ ಬೈಬಲಿನ ಒಂದು ಸಣ್ಣ ಭಾಗದೊಡನೆ ಸುಮ್ಮನೆ ಕೂರಬೇಕಿತ್ತು. ತರುಣರಿಗೆ ಇದು ಮೊದಮೊದಲು ಬಹಳ ಕಷ್ಟವಾಯಿತು. ಆ ಜೀವನದ ಅನುಭವದಿಂದ 1939ರಲ್ಲಿ ಪ್ರಕಟವಾದ ಸಹಜೀವನದ ಕುರಿತ ಪುಸ್ತಕದಲ್ಲಿ ಅವನು ಹೇಳುವ ಮಾತಿನ ತಿರುಳು ಇದು: ಒಂಟಿಯಾಗಿರಲಾರದವನು ಕೂಟಕ್ಕೆ ಹೆದರಬೇಕು, ಕೂಟದಲ್ಲಿ ಇರಲಾರದವನು ಒಂಟಿತನಕ್ಕೆ ಹೆದರಬೇಕು. ಧ್ಯಾನಕೂಟ ಎಂಬ ಕನ್ನಡದ ಜೋಡುಪದ ಹೇಳುವುದೂ ಇದನ್ನೇ.

ಕರ್ನಾಟಕದಲ್ಲಿ ಶಿಬಿರಕ್ಕೆ ದಿನ ಗೊತ್ತುಮಾಡುವುದು ಸುಲಭವಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಧ್ಯಾನಕ್ಕೆ ತಕ್ಕುದಾದರೂ ಆ ನಲವತ್ತು ದಿನಗಳು ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪರೀಕ್ಷೆಗಳ ಕಾಲವೂ ಹೌದು. ಕೊಡಗು, ಚಿಕ್ಕಮಗಳೂರುಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ತೋಟದ ಲೈನ್ ಮನೆಗಳ ಹುಡುಗ ಹುಡುಗಿಯರಿಗೆ ಆಗ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋದಂತೆ. ಉಳಿಯುವುದು ದಸರಾ ರಜೆ ಮತ್ತು ಈಸ್ಟರ್ ಕಳೆದ ಮೇಲಿನ ಬೇಸಿಗೆ ರಜೆ. ಯಾರಿಗೆ ಅನುಕೂಲವೆಂದು ನೋಡಿ ದಿನ ಹಾಕುತ್ತೇವೆ ಎಂಬುದರಲ್ಲೇ ಸಭೆ ಯಾರನ್ನು ತನ್ನ ಯುವಜನ ಎಂದು ಎಣಿಸಿದೆ ಎನ್ನುವುದು ಗೊತ್ತಾಗಿಬಿಡುತ್ತದೆ.

ಏರ್ಪಾಡಿನ ಅತಿದೊಡ್ಡ ತಪ್ಪು ತುಂಬಿ ತುಳುಕುವ ವೇಳಾಪಟ್ಟಿ. ಖಾಲಿ ಗಂಟೆಯನ್ನು ಕಂಡರೆ ಸಮಿತಿಗೆ ಭಯ. ಅಲ್ಲೊಂದು ಆಟ, ಇಲ್ಲೊಂದು ಭಾಷಣ ಸೇರಿಕೊಳ್ಳುತ್ತದೆ. ಕೊನೆಗೆ ಮಕ್ಕಳು ಮನೆಯಲ್ಲಿದ್ದಾಗಿನದಕ್ಕಿಂತ ಹೆಚ್ಚು ದಣಿದು ಮರಳುತ್ತಾರೆ. ಮೌನವನ್ನು ಒಮ್ಮೆಲೇ ಅರ್ಧ ದಿನ ಹೇರುವುದೂ ಸರಿಯಲ್ಲ. ಮೊದಲ ದಿನ ಇಪ್ಪತ್ತು ನಿಮಿಷ, ಓದಲು ನಾಲ್ಕೇ ವಚನ, ಕುಳಿತುಕೊಳ್ಳಲು ಮರದ ನೆರಳು. ಎರಡನೆಯ ದಿನ ಒಂದು ಗಂಟೆ. ಹೀಗೆ ಬೆಳೆಸಿದರೆ ಹದಿನಾರರ ಹುಡುಗರೂ ಕೂರುತ್ತಾರೆ. ಬ್ರದರ್ ರೋಜರ್ 1940ರಲ್ಲಿ ನೆಲೆಸಿದ ಫ್ರಾನ್ಸಿನ ತೇಜೆ ಎಂಬ ಹಳ್ಳಿಗೆ ಇಂದು ಹಲವು ದೇಶಗಳ ಯುವಜನರು ಬರುತ್ತಾರೆ. ಅಲ್ಲಿ ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ, ಪ್ರತಿ ಪ್ರಾರ್ಥನೆಯ ನಡುವೆ ಕೆಲವು ನಿಮಿಷಗಳ ಪೂರ್ಣ ಮೌನ. ಪಾತ್ರೆ ತೊಳೆಯುವುದು, ಅಡುಗೆ ಬಡಿಸುವುದು, ಕಸ ಗುಡಿಸುವುದು ಬಂದವರದೇ ಕೆಲಸ. ತರಕಾರಿ ಹೆಚ್ಚುತ್ತ ಆಡುವ ಮಾತು ಗುಂಪುಚರ್ಚೆಯಲ್ಲಿ ಹುಟ್ಟುವ ಮಾತಿಗಿಂತ ಎಷ್ಟೋ ಸಲ ಆಳವಾಗಿರುತ್ತದೆ.

ಫೋನಿನ ವಿಷಯವನ್ನು ಮೊದಲೇ ತೀರ್ಮಾನಿಸಬೇಕು. ಬಾಗಿಲಲ್ಲಿ ನಿಂತು ಕಿತ್ತುಕೊಂಡರೆ ಅದು ಶಿಕ್ಷೆ. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂದು ಒಪ್ಪಿ ತಾವಾಗಿ ಇಟ್ಟರೆ ಉಪವಾಸ. ಎರಡನೆಯದಕ್ಕೆ ಮಾತ್ರ ಧಾರ್ಮಿಕ ಅರ್ಥವಿದೆ. ಮನೆಯವರಿಗೆ ಯಾವ ಗಳಿಗೆಯಲ್ಲಾದರೂ ಸಿಗುವ ಒಂದು ನಂಬರು ಇರಲೇಬೇಕು.

ಇನ್ನು ಸಂವಹನ. ಕನ್ನಡದಲ್ಲಿ 'ಕರೆ' ಎಂದರೆ ಫೋನು ಮಾಡುವುದೂ ಹೌದು, ಸಮಾರಂಭಕ್ಕೆ ಆಹ್ವಾನಿಸುವುದೂ ಹೌದು. ದೇವರು ಒಬ್ಬರನ್ನು ಒಂದು ಬಾಳಿಗೆ ಆರಿಸಿಕೊಳ್ಳುವುದಕ್ಕೆ ದೈವಕರೆ ಎನ್ನುತ್ತಾರೆ. ಯುವಜನ ಸಂಘದ ಕಾರ್ಯದರ್ಶಿ ಕಳುಹಿಸುವ ಪುಟ್ಟ ಸಂದೇಶವೂ ಈ ಮೂರನೆಯ ಅರ್ಥದ ನೆರಳಿನಲ್ಲೇ ಇದೆ, ಆದ್ದರಿಂದ ಅದು ಸುಳ್ಳಾಗಬಾರದು. ಆಟೋಟವೆಂದು ಕರೆದು ಮೂರು ದಿನ ಉಪದೇಶ ಕೇಳಿಸುವುದು ಮೋಸ. ಎಲ್ಲಿ, ಯಾವಾಗ, ಖರ್ಚೆಷ್ಟು, ಜೊತೆಗೆ ಹೋಗುವ ಹಿರಿಯರು ಯಾರು, ಹುಡುಗಿಯರ ಜೊತೆ ಯಾವ ಹೆಂಗಸರು ಇರುತ್ತಾರೆ, ರಾತ್ರಿ ಎಲ್ಲಿ ಮಲಗುತ್ತಾರೆ, ಮರಳುವ ಬಸ್ಸು ಎಷ್ಟು ಹೊತ್ತಿಗೆ, ಇಷ್ಟನ್ನು ಒಂದೇ ಪತ್ರದಲ್ಲಿ ಬರೆದು ತಂದೆತಾಯಿಯ ಕೈಗೆ ಕೊಡಬೇಕು. ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಎಲ್ಲರಿಗೂ ತಿಳಿಯಿತು ಎಂದುಕೊಳ್ಳುವುದು ಈಗಿನ ದೊಡ್ಡ ಭ್ರಮೆ. ಸ್ವಂತ ಫೋನಿಲ್ಲದ ಹುಡುಗಿ, ಹಾಸ್ಟೆಲಿನಲ್ಲಿರುವವನು, ಜಗಳವಾಡಿ ಗುಂಪಿನಿಂದ ಹೊರಬಿದ್ದವನು ಅದರಲ್ಲಿ ಇರುವುದಿಲ್ಲ, ಮತ್ತು ಬಹಳ ಸಲ ಕರೆ ಮುಟ್ಟಬೇಕಾದದ್ದು ಅವರಿಗೇ. ಭಾನುವಾರದ ಆರಾಧನೆಯ ಕೊನೆಯಲ್ಲಿ ಪ್ರಕಟಣೆ, ಆಮೇಲೆ ಮನೆಮನೆಯ ಭೇಟಿ, ಈ ಹಳೆಯ ದಾರಿಗಳಿಗೆ ಇನ್ನೂ ಬದಲಿ ಬಂದಿಲ್ಲ. ಹಣ ಕೊಡಲಾಗದವರ ವಿಷಯ ಗುರುಗಳಿಗೋ ಸಭಾಪಾಲಕರಿಗೋ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಕು.

ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಮಂಗಳೂರಿನ ಕಥೋಲಿಕ ಹುಡುಗಿ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಫೋನಿನಲ್ಲಿ ಇಂಗ್ಲಿಷ್ ಬಳಸುತ್ತಾಳೆ. ಬೆಂಗಳೂರಿನಲ್ಲಿ ಒಂದೇ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಆರಾಧನೆಗಳು ಬೇರೆಬೇರೆ ಹೊತ್ತಿಗೆ ನಡೆಯುತ್ತವೆ. ಎಲ್ಲರಿಗೂ ಬರುತ್ತದೆಂದು ಇಂಗ್ಲಿಷಿನಲ್ಲೇ ಎಲ್ಲವನ್ನೂ ನಡೆಸಿದರೆ ಚೆನ್ನಾಗಿ ಮಾತಾಡಬಲ್ಲವರು ಮುಂದೆ ಬರುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಪ್ರಕಟಣೆ ಯಾವ ಭಾಷೆಯಲ್ಲಿದ್ದರೂ ನಡೆದೀತು. ಪಶ್ಚಾತ್ತಾಪಕ್ಕೆ, ಅಳುವಿಗೆ, ಗುಟ್ಟಿನ ಬೇಡಿಕೆಗೆ ಅವರವರ ತಾಯಿಮಾತೇ ಬೇಕು. ಸಣ್ಣ ಗುಂಪುಗಳನ್ನು ಮಾಡುವಾಗ ಇದನ್ನು ನೆನಪಿಡಬೇಕು.

ಕೊನೆಯ ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡುವಾಗ ಅನೇಕರ ಕಣ್ಣು ತುಂಬುತ್ತದೆ. ಆ ಕಣ್ಣೀರು ದೇವರದೋ, ನಿದ್ರೆಗೆಟ್ಟ ದೇಹದ್ದೋ? ಅಮೆರಿಕದ ದೇವಶಾಸ್ತ್ರಜ್ಞ ಜೊನಾಥನ್ ಎಡ್ವರ್ಡ್ಸ್ ತನ್ನ ಕಾಲದ ಉಜ್ಜೀವನಗಳನ್ನು ಕಣ್ಣಾರೆ ಕಂಡು 1746ರಲ್ಲಿ ಇದೇ ಪ್ರಶ್ನೆಯ ಮೇಲೆ ಒಂದು ಗ್ರಂಥವನ್ನೇ ಬರೆದ. ಭಾವದ ಉಕ್ಕು ತನ್ನಷ್ಟಕ್ಕೆ ನಿಜವಾದ ಭಕ್ತಿಯ ಗುರುತೂ ಅಲ್ಲ, ಸುಳ್ಳಿನ ಗುರುತೂ ಅಲ್ಲ; ಬದಲಾದ ನಡತೆಯೇ ಅದರ ಪರೀಕ್ಷೆ ಎಂಬುದು ಅವನ ನಿಲುವು. ಆದ್ದರಿಂದ ದೀಪ ಆರಿಸಿ, ಸಂಗೀತ ಏರಿಸಿ, ಆ ಗಳಿಗೆಯಲ್ಲೇ ಜೀವನದ ನಿರ್ಧಾರ ಕೇಳುವುದು ಇಗ್ನೇಷಿಯಸ್ ಬೇಡವೆಂದ ದೂಡುವಿಕೆಯೇ. ನಿರ್ಧಾರ ಬೆಳಗಿನ ಬೆಳಕಿನಲ್ಲಿ, ಊಟವಾದ ಮೇಲೂ ನಿಲ್ಲುವಂಥದ್ದಾಗಿರಬೇಕು.

ಮನಸ್ಸು ತೆರೆದ ಹೊತ್ತಿನಲ್ಲಿ ಮಕ್ಕಳು ತಮಗಾದ ಗಾಯಗಳನ್ನೂ ಹೇಳಿಕೊಳ್ಳುತ್ತಾರೆ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಅದನ್ನು ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೋ ಕಾಯ್ದೆ ಕಡ್ಡಾಯಗೊಳಿಸಿದೆ. ಪಾಪನಿವೇದನೆಯ ಗುಟ್ಟು ಗುರುವಿನ ಸಂಸ್ಕಾರಕ್ಕೆ ಸೇರಿದ್ದು. ಶಿಬಿರದ ಮುಂದಾಳು 'ಯಾರಿಗೂ ಹೇಳುವುದಿಲ್ಲ' ಎಂಬ ಮಾತನ್ನು ಕೊಡಲೇಬಾರದು. ಹಿರಿಯರೊಬ್ಬರು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಕೂರದಂತೆ ಮೊದಲೇ ವ್ಯವಸ್ಥೆ ಇರಬೇಕು. ಮಕ್ಕಳ ಫೋಟೋ, ಅವರ ಸಾಕ್ಷಿಯ ಮಾತು ಅನುಮತಿಯಿಲ್ಲದೆ ಫೋನಿನಿಂದ ಫೋನಿಗೆ ಹೋಗಬಾರದು.

ಬೆಟ್ಟದ ಮೇಲೆ ಯೇಸುವಿನ ರೂಪ ಬೆಳಗಿದಾಗ ಪೇತ್ರನಿಗೆ ಅಲ್ಲೇ ಮೂರು ಗುಡಾರ ಹಾಕುವ ಆಸೆ. ಕೆಳಗಿಳಿದರೆ ಕಾದಿದ್ದದ್ದು ಕಾಯಿಲೆಯ ಹುಡುಗ, ಕಂಗೆಟ್ಟ ತಂದೆ, ಸೋತ ಶಿಷ್ಯರು. ಶಿಬಿರದ ನಂತರದ ಎರಡು ವಾರಗಳಿಗೆ ಇದೇ ಚಿತ್ರ ಸರಿಹೊಂದುತ್ತದೆ. ಆಗ ಹೋಗಬೇಕಾದ ಸಂದೇಶ ಗುಂಪಿಗಲ್ಲ, ಒಬ್ಬೊಬ್ಬರಿಗೆ. ಅದರಲ್ಲೂ ತನಗೇನೂ ಅನಿಸಲಿಲ್ಲವೆಂದು ಸುಮ್ಮನೆ ಮರಳಿದವರಿಗೆ ಮೊದಲು. ತಿಂಗಳೊಳಗೆ ಒಂದು ಸಣ್ಣ ಕೂಟ ಸೇರಿ, ಲೆಕ್ಕ ಒಪ್ಪಿಸಿ, ಮುಂದಿನ ಶಿಬಿರದ ಹೊಣೆಯನ್ನು ಈ ಸಲ ಮೊದಲ ಬಾರಿ ಬಂದವರಲ್ಲಿ ಒಬ್ಬಿಬ್ಬರಿಗೆ ಒಪ್ಪಿಸುವ ರೂಢಿ ಒಳ್ಳೆಯದು. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ, ಭೂಕಂಪ, ಬೆಂಕಿಗಳ ನಂತರ ಮೆಲುದನಿಯನ್ನು ಕೇಳಿದ ಎಲೀಯನಿಗೂ ಅಲ್ಲೇ ಉಳಿಯಲು ಅಪ್ಪಣೆ ಸಿಗಲಿಲ್ಲ. ಬಂದ ದಾರಿಯಲ್ಲೇ ಮರಳಿ ಹೋಗಿ ತನ್ನ ನಂತರದವನನ್ನು ಹುಡುಕುವ ಕೆಲಸ ಸಿಕ್ಕಿತು. ಆ ಎಲೀಷ ಹನ್ನೆರಡು ಜೋಡಿ ಎತ್ತುಗಳೊಡನೆ ಹೊಲ ಉಳುತ್ತಿದ್ದ. ಎಲೀಯನ ಕಂಬಳಿ ಹೆಗಲಿಗೆ ಬಿದ್ದಾಗ ಅವನು ಕೇಳಿದ್ದು ಒಂದೇ, ಅಪ್ಪ ಅಮ್ಮನಿಗೆ ಮುತ್ತಿಟ್ಟು ಬರಲು ಸ್ವಲ್ಪ ಹೊತ್ತು.