ಬಿಚ್ಚದ ಡಬ್ಬಿ

ಇವತ್ತು ನನ್ನ ವಿಷಯಾನೇ ಹೇಳ್ತೀನಿ. ಜಪಾನಿನ ಬಂದಾಯ್ ಕಂಪನಿ 1980ರಿಂದ ಗುಂಡಮ್ ರೋಬೋಟಿನ ಪ್ಲಾಸ್ಟಿಕ್ ಮಾಡೆಲ್ ಮಾರುತ್ತಿದೆ. ಕೆಲವಕ್ಕೆ ಆರ್ಡರ್ ಗಡುವು ಮುಗಿದರೆ ಮುಗೀತು. ಅಲ್ಲಿನ ಎಷ್ಟೋ ಅಂಗಡಿಯವರು ಹೊರದೇಶಕ್ಕೆ ಕಳಿಸಲ್ಲ. ಮಧ್ಯವರ್ತಿ ಕೊಂಡು ಕಳಿಸಬೇಕು. ಅವನ ಕಮಿಷನ್, ವಿಮಾನದ ಖರ್ಚು, ಇಲ್ಲಿ ಕಸ್ಟಮ್ಸ್ ಸುಂಕ ಬೇರೆ!

ಹಾಗೆ ತರಿಸಿದ್ದೊಂದು ಎರಡು ವರ್ಷದಿಂದ ಬೀರುವಿನ ಮೇಲಿತ್ತು. ಬಿಚ್ಚಿದರೆ ಬೆಲೆ ಇಳಿಯುತ್ತಲ್ಲ, ಬಿಚ್ಚಿರಲಿಲ್ಲ. ದುಡ್ಡು ಕಟ್ಟಿದ ತಿಂಗಳು ಹೆಂಡತಿಗೆ "ಕೈಯಲ್ಲಿ ಕಾಸಿಲ್ಲ" ಅಂದಿದ್ದೆ. ಮೊನ್ನೆ ಮಗ ಕೇಳಿದ, "ಅಪ್ಪಾ, ಆಡೋ ಹಾಗಿಲ್ಲ ಅಂದ್ರೆ ಯಾಕೆ ತರಿಸ್ದೆ?"

ಮತ್ತಾಯ 6:19 ತೆಗೆಯಿರಿ. ಅಲ್ಲಿ ನುಸಿ, ಕಿಲುಬಿನ ಮಾತಿದೆ. ಪ್ಲಾಸ್ಟಿಕ್ಕಿಗೆ ನುಸಿ ಹಿಡಿಯಲ್ಲ, ಪ್ರಿಯರೇ. ಹಿಡಿದದ್ದು ನನಗೆ. ಅವತ್ತು ರಾತ್ರಿ ಅವಳ ಹತ್ರ ಎಲ್ಲಾ ಒಪ್ಪಿಕೊಂಡೆ. ಬೆಳಿಗ್ಗೆ ಮಗನ ಕೈಗೆ ಕತ್ತರಿ ಕೊಟ್ಟೆ.

ಪ್ರಾರ್ಥಿಸೋಣ.